ಗೇರ್‌ಮ್ಯಾನ್ (ತಂತ್ರಾಂಶ)

ಗೇರ್‌ಮ್ಯಾನ್ ಎಂಬುದು ಒಂದು ಕಂಪ್ಯೂಟರಿನಲ್ಲಿ ಹುಟ್ಟಿದ ಕೆಲಸವನ್ನು ಜಾಲದಲ್ಲಿರುವ ಬೇರೆ ಕಂಪ್ಯೂಟರುಗಳಿಗೆ ಹಂಚಿ ಮಾಡಿಸಲು ಬಳಸುವ ಮುಕ್ತ ಆಕರ ತಂತ್ರಾಂಶ. ಕೆಲಸವನ್ನು ಒಪ್ಪಿಸುವ ಪ್ರೋಗ್ರಾಂ ಅನ್ನು ಕ್ಲೈಂಟ್ ಎಂದೂ, ಅದನ್ನು ಮಾಡಿ ಮುಗಿಸುವ ಪ್ರೋಗ್ರಾಂ ಅನ್ನು ವರ್ಕರ್ ಎಂದೂ, ಇವೆರಡರ ನಡುವೆ ನಿಂತು ಕೆಲಸಗಳನ್ನು ಸರತಿಯಲ್ಲಿಟ್ಟು ಹಂಚುವ ಪ್ರೋಗ್ರಾಂ ಅನ್ನು ಜಾಬ್ ಸರ್ವರ್ ಎಂದೂ ಕರೆಯುತ್ತಾರೆ. ಕ್ಲೈಂಟ್ ಮತ್ತು ವರ್ಕರ್ ಒಂದೇ ಭಾಷೆಯಲ್ಲಿ ಬರೆದವಾಗಿರಬೇಕಿಲ್ಲ. ಪಿಎಚ್‌ಪಿಯಲ್ಲಿ ಬರೆದ ಜಾಲಪುಟವೊಂದು ಸಿ ಅಥವಾ ಪೈಥಾನ್ ಭಾಷೆಯ ವರ್ಕರ್‌ಗೆ ಕೆಲಸ ಒಪ್ಪಿಸಬಹುದು. ಇದಕ್ಕೆ ಬೇಕಾದ ಸಂಪರ್ಕ, ಪ್ಯಾಕೆಟ್ ರಚನೆ ಮತ್ತು ಉತ್ತರ ಸ್ವೀಕಾರದ ಕೆಲಸಗಳನ್ನು ಕ್ಲೈಂಟ್ ಲೈಬ್ರರಿ ಮಾಡುತ್ತದೆ.

ಲೈಬ್ರರಿಯ ಬಳಕೆ ಸರಳವಾಗಿದ್ದು, ಕೆಲವೇ ಸಾಲುಗಳಲ್ಲಿ ಕೆಲಸವನ್ನು ಒಪ್ಪಿಸಬಹುದು. ಆದರೆ ಒಪ್ಪಿಸಿದ ಕೆಲಸ ಕಳೆದುಹೋಗದಂತೆ ಮತ್ತು ಎರಡು ಸಲ ನಡೆದರೂ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆ ಬಹುಪಾಲು ಕ್ಲೈಂಟ್ ಮತ್ತು ವರ್ಕರ್‌ಗಳನ್ನು ಬರೆಯುವವರ ಮೇಲೆಯೇ ಉಳಿಯುತ್ತದೆ.

## ಹೆಸರು ಮತ್ತು ಇತಿಹಾಸ

ಗೇರ್‌ಮ್ಯಾನ್ ಎಂಬ ಹೆಸರು ಇಂಗ್ಲಿಷಿನ ಮ್ಯಾನೇಜರ್ ಎಂಬ ಪದದ ಏಳು ಅಕ್ಷರಗಳನ್ನು ಅದಲುಬದಲು ಮಾಡಿ ರಚಿಸಿದ್ದು. ಜಾಬ್ ಸರ್ವರ್ ತಾನಾಗಿ ಯಾವ ಕೆಲಸವನ್ನೂ ಮಾಡದೆ, ಬೇರೆಯವರಿಗೆ ಕೆಲಸ ಹಂಚುವುದಷ್ಟನ್ನೇ ಮಾಡುತ್ತದೆ ಎಂಬ ವಿನೋದ ಈ ಹೆಸರಿನಲ್ಲಿದೆ.

ಅಮೆರಿಕದ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ 1999ರಲ್ಲಿ ಲೈವ್‌ಜರ್ನಲ್ ಎಂಬ ದಿನಚರಿ ಜಾಲತಾಣವನ್ನು ಆರಂಭಿಸಿದರು. ಅದರ ಬಳಕೆದಾರರು ಹೆಚ್ಚಿದಂತೆ, ಅದನ್ನು ನಡೆಸುತ್ತಿದ್ದ ಡಂಗಾ ಇಂಟರಾಕ್ಟಿವ್ ಸಂಸ್ಥೆಯು ಹಲವು ಸರ್ವರ್‌ಗಳ ನಡುವೆ ಹೊರೆ ಹಂಚಲು ಬೇಕಾದ ಸಲಕರಣೆಗಳನ್ನು ತಾನೇ ರಚಿಸಿ ಮುಕ್ತ ಆಕರವಾಗಿ ಬಿಡುಗಡೆ ಮಾಡಿತು. 2003ರಲ್ಲಿ ಬಂದ ಮೆಮ್‌ಕ್ಯಾಶ್‌ಡಿ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಪರ್ಲ್ ಭಾಷೆಯಲ್ಲಿ ಬರೆದ ಗೇರ್‌ಮ್ಯಾನ್‌ನ ಮೊದಲ ರೂಪ 2005ರಲ್ಲಿ ಹೊರಬಂದಿತು. ಚಿತ್ರಗಳ ಗಾತ್ರ ಬದಲಾಯಿಸುವಂತಹ ಭಾರವಾದ ಕೆಲಸಗಳನ್ನು ಜಾಲಪುಟ ಒದಗಿಸುವ ಸರ್ವರ್‌ನಿಂದ ಬೇರ್ಪಡಿಸುವುದು ಇಂತಹ ವ್ಯವಸ್ಥೆಯ ಮುಖ್ಯ ಉಪಯೋಗವಾಗಿತ್ತು.

2008–09ರ ಅವಧಿಯಲ್ಲಿ ಬ್ರಯಾನ್ ಏಕರ್, ಎರಿಕ್ ಡೇ ಮೊದಲಾದವರು ಜಾಬ್ ಸರ್ವರ್ ಅನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಇಂದು ಲಿನಕ್ಸ್ ವಿತರಣೆಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಈ ಪರಂಪರೆಯ ಗೇರ್‌ಮ್ಯಾನ್‌ಡಿ ಎಂಬ ಸರ್ವರ್ ಮತ್ತು ಲಿಬ್‌ಗೇರ್‌ಮ್ಯಾನ್ ಎಂಬ ಲೈಬ್ರರಿ. ಪಿಎಚ್‌ಪಿಯ ಗೇರ್‌ಮ್ಯಾನ್ ವಿಸ್ತರಣೆಯು ಲಿಬ್‌ಗೇರ್‌ಮ್ಯಾನ್ ಅನ್ನೇ ಆಧರಿಸಿದೆ. ಪರ್ಲ್, ಪೈಥಾನ್, ಜಾವಾ, ರೂಬಿ ಮುಂತಾದ ಭಾಷೆಗಳಿಗೂ ಪ್ರತ್ಯೇಕ ಲೈಬ್ರರಿಗಳಿವೆ.

## ರಚನೆ

ಗೇರ್‌ಮ್ಯಾನ್ ವ್ಯವಸ್ಥೆಯಲ್ಲಿ ಮೂರು ಪಾತ್ರಗಳಿವೆ.

- ವರ್ಕರ್: ಆರಂಭವಾದಾಗ ಜಾಬ್ ಸರ್ವರ್‌ಗೆ ಸಂಪರ್ಕ ಪಡೆದು, ತನಗೆ ಯಾವ ಫಂಕ್ಷನ್‌ಗಳನ್ನು ಮಾಡಲು ಬರುತ್ತದೆ ಎಂದು ಹೆಸರಿಸಿ ನೋಂದಾಯಿಸುತ್ತದೆ. ಕೆಲಸವಿದ್ದರೆ ಪಡೆಯುತ್ತದೆ, ಇಲ್ಲದಿದ್ದರೆ ಸರ್ವರ್ ಎಚ್ಚರಿಸುವ ತನಕ ಕಾಯುತ್ತದೆ.
- ಜಾಬ್ ಸರ್ವರ್: ಪ್ರತಿ ಫಂಕ್ಷನ್‌ಗೂ ಒಂದು ಸರತಿಯನ್ನು ಇಟ್ಟುಕೊಂಡು, ಬಂದ ಕೆಲಸವನ್ನು ಆ ಫಂಕ್ಷನ್ ಬಲ್ಲ ಬಿಡುವಿರುವ ವರ್ಕರ್‌ಗೆ ಕೊಡುತ್ತದೆ. ಕೆಲಸದೊಳಗಿನ ದತ್ತಾಂಶ ಏನೆಂಬುದನ್ನು ಅದು ಓದುವುದಿಲ್ಲ.
- ಕ್ಲೈಂಟ್: ಫಂಕ್ಷನ್‌ನ ಹೆಸರು ಮತ್ತು ಅದಕ್ಕೆ ಬೇಕಾದ ದತ್ತಾಂಶವನ್ನು ಜಾಬ್ ಸರ್ವರ್‌ಗೆ ಒಪ್ಪಿಸುತ್ತದೆ.

ಕ್ಲೈಂಟ್‌ಗೆ ವರ್ಕರ್‌ಗಳ ವಿಳಾಸ ತಿಳಿದಿರುವುದಿಲ್ಲ, ವರ್ಕರ್‌ಗೂ ಕ್ಲೈಂಟ್‌ನ ವಿಳಾಸ ತಿಳಿದಿರುವುದಿಲ್ಲ. ಇಬ್ಬರಿಗೂ ತಿಳಿದಿರುವುದು ಜಾಬ್ ಸರ್ವರ್‌ನ ವಿಳಾಸ ಮತ್ತು ಫಂಕ್ಷನ್‌ನ ಹೆಸರು ಮಾತ್ರ. ಆದುದರಿಂದ ಕ್ಲೈಂಟ್‌ನ ಒಂದು ಸಾಲನ್ನೂ ಬದಲಿಸದೆ ವರ್ಕರ್‌ಗಳ ಸಂಖ್ಯೆಯನ್ನು ಹೆಚ್ಚಿಸಬಹುದು ಅಥವಾ ಕಡಿಮೆ ಮಾಡಬಹುದು.

ಒಂದಕ್ಕಿಂತ ಹೆಚ್ಚು ಜಾಬ್ ಸರ್ವರ್‌ಗಳನ್ನು ನಡೆಸುವುದು ರೂಢಿ. ಒಂದು ಕೆಟ್ಟರೆ ಕ್ಲೈಂಟ್ ಇನ್ನೊಂದಕ್ಕೆ ಹೋಗುತ್ತದೆ. ಆದರೆ ಈ ಸರ್ವರ್‌ಗಳು ಪರಸ್ಪರ ಮಾತನಾಡುವುದಿಲ್ಲ; ಒಂದರ ಸರತಿಯಲ್ಲಿರುವ ಕೆಲಸ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಯಾವ ಸರ್ವರ್‌ಗೆ ಕೆಲಸ ಕೊಡಬೇಕೆಂದು ತೀರ್ಮಾನಿಸುವುದು ಕ್ಲೈಂಟ್ ಲೈಬ್ರರಿ. ವರ್ಕರ್‌ಗಳು ಎಲ್ಲ ಸರ್ವರ್‌ಗಳಿಗೂ ಸಂಪರ್ಕ ಪಡೆದಿದ್ದರೆ ಮಾತ್ರ ಎಲ್ಲ ಸರತಿಗಳೂ ಮುಂದೆ ಸಾಗುತ್ತವೆ.

## ಕ್ಲೈಂಟ್ ಲೈಬ್ರರಿಯ ಬಳಕೆ

ಭಾಷೆ ಯಾವುದಾದರೂ ಬಳಕೆಯ ಕ್ರಮ ಹೆಚ್ಚುಕಡಿಮೆ ಒಂದೇ.

1. ಕ್ಲೈಂಟ್ ವಸ್ತುವೊಂದನ್ನು ರಚಿಸಬೇಕು.
2. ಜಾಬ್ ಸರ್ವರ್‌ಗಳ ವಿಳಾಸಗಳನ್ನು ಸೇರಿಸಬೇಕು. ಪೋರ್ಟ್ ಸಂಖ್ಯೆ ಹೇಳದಿದ್ದರೆ 4730 ಎಂದು ಭಾವಿಸಲಾಗುತ್ತದೆ.
3. ಕಾಲಮಿತಿಯನ್ನು ನಿಗದಿಪಡಿಸಬೇಕು. ಇದನ್ನು ಬಿಟ್ಟರೆ, ವರ್ಕರ್ ಇಲ್ಲದ ಫಂಕ್ಷನ್‌ಗೆ ಕೆಲಸ ಒಪ್ಪಿಸಿದ ಕ್ಲೈಂಟ್ ಅನಿರ್ದಿಷ್ಟ ಕಾಲ ಕಾದು ನಿಲ್ಲಬಹುದು.
4. ದತ್ತಾಂಶವನ್ನು ಬೈಟ್‌ಗಳ ಸರಣಿಯಾಗಿ ಮಾರ್ಪಡಿಸಬೇಕು. ಇದಕ್ಕೆ ಜೇಸನ್ ರೂಪವನ್ನು ಹೆಚ್ಚಾಗಿ ಬಳಸುತ್ತಾರೆ.
5. ಫಂಕ್ಷನ್‌ನ ಹೆಸರು, ದತ್ತಾಂಶ ಮತ್ತು ಬೇಕಿದ್ದರೆ ಅನನ್ಯ ಕೀಲಿಯೊಂದಿಗೆ ಕೆಲಸವನ್ನು ಒಪ್ಪಿಸಬೇಕು.
6. ಮರಳಿ ಬಂದ ಸ್ಥಿತಿಸಂಕೇತವನ್ನು ಪರೀಕ್ಷಿಸಬೇಕು.

ಆರನೆಯ ಹಂತವನ್ನು ಹೊಸಬರು ಬಿಡುವುದುಂಟು. ಸಂಪರ್ಕವೇ ಸಿಗದಿದ್ದಾಗ ಕೆಲವು ಲೈಬ್ರರಿಗಳು ಪ್ರೋಗ್ರಾಂ ಅನ್ನು ನಿಲ್ಲಿಸದೆ ಒಂದು ದೋಷಸಂಕೇತವನ್ನಷ್ಟೇ ಹಿಂದಿರುಗಿಸುತ್ತವೆ. ಅದನ್ನು ನೋಡದ ಪ್ರೋಗ್ರಾಂ, ಕೆಲಸ ಸರ್ವರ್ ಸೇರಿದೆ ಎಂದೇ ತಿಳಿದು ಮುಂದುವರಿಯುತ್ತದೆ.

### ಮುನ್ನೆಲೆ ಮತ್ತು ಹಿನ್ನೆಲೆ ಕೆಲಸಗಳು

ಕೆಲಸ ಒಪ್ಪಿಸುವುದರಲ್ಲಿ ಎರಡು ಬಗೆಗಳಿವೆ. ಮುನ್ನೆಲೆ ಕೆಲಸದಲ್ಲಿ ಕ್ಲೈಂಟ್ ಫಲಿತಾಂಶ ಬರುವ ತನಕ ಕಾಯುತ್ತದೆ. ನಡುವೆ ವರ್ಕರ್ ಕಳುಹಿಸುವ ಭಾಗಶಃ ಫಲಿತಾಂಶ, ಎಚ್ಚರಿಕೆ ಮತ್ತು ಪ್ರಗತಿಯ ವಿವರಗಳು ಜಾಬ್ ಸರ್ವರ್ ಮೂಲಕ ಕ್ಲೈಂಟ್‌ಗೆ ತಲುಪುತ್ತವೆ. ಹಿನ್ನೆಲೆ ಕೆಲಸದಲ್ಲಿ ಜಾಬ್ ಸರ್ವರ್ ಕೆಲಸವನ್ನು ಸರತಿಗೆ ಸೇರಿಸಿ ಹ್ಯಾಂಡಲ್ ಎಂಬ ಗುರುತನ್ನು ಕೊಟ್ಟ ಕೂಡಲೇ ಕ್ಲೈಂಟ್ ಬಿಡುಗಡೆ ಹೊಂದುತ್ತದೆ. ಅದರ ಫಲಿತಾಂಶ ಕ್ಲೈಂಟ್‌ಗೆ ಬರುವುದಿಲ್ಲ. ಫಲಿತಾಂಶ ಬೇಕಿದ್ದರೆ ವರ್ಕರ್ ಅದನ್ನು ಡೇಟಾಬೇಸ್ ಅಥವಾ ಕಡತದಲ್ಲಿ ಬರೆದಿಡಬೇಕು.

ಪಿಎಚ್‌ಪಿ ವಿಸ್ತರಣೆಯಲ್ಲಿ ಮೊದಲನೆಯದಕ್ಕೆ ಡುನಾರ್ಮಲ್, ಎರಡನೆಯದಕ್ಕೆ ಡುಬ್ಯಾಕ್‌ಗ್ರೌಂಡ್ ಎಂಬ ವಿಧಾನಗಳಿವೆ. ಎರಡರಲ್ಲೂ ಹೆಚ್ಚು, ಸಾಮಾನ್ಯ ಮತ್ತು ಕಡಿಮೆ ಎಂಬ ಮೂರು ಆದ್ಯತೆಗಳಿವೆ. ಒಂದೇ ಫಂಕ್ಷನ್‌ನ ಸರತಿಯಲ್ಲಿ ಹೆಚ್ಚಿನ ಆದ್ಯತೆಯ ಕೆಲಸಗಳು ಮೊದಲು ಹೊರಡುತ್ತವೆ. ಈಗಾಗಲೇ ವರ್ಕರ್‌ನ ಕೈಸೇರಿರುವ ಕೆಲಸವನ್ನು ಆದ್ಯತೆಯ ಕಾರಣಕ್ಕೆ ನಡುವೆ ನಿಲ್ಲಿಸಲಾಗುವುದಿಲ್ಲ.

ಹಿನ್ನೆಲೆ ಕೆಲಸದ ಸ್ಥಿತಿಯನ್ನು ಹ್ಯಾಂಡಲ್ ಕೊಟ್ಟು ಕೇಳಬಹುದು. ಉತ್ತರದಲ್ಲಿ ನಾಲ್ಕು ಅಂಶಗಳಿರುತ್ತವೆ: ಆ ಕೆಲಸ ಸರ್ವರ್‌ಗೆ ಗೊತ್ತಿದೆಯೇ, ಅದು ನಡೆಯುತ್ತಿದೆಯೇ, ಮತ್ತು ಪ್ರಗತಿಯನ್ನು ಸೂಚಿಸುವ ಭಿನ್ನರಾಶಿಯ ಅಂಶ ಹಾಗೂ ಛೇದ. ಕೆಲಸ ಗೊತ್ತಿಲ್ಲ ಎಂಬ ಉತ್ತರಕ್ಕೆ ಅದು ಯಶಸ್ವಿಯಾಗಿ ಮುಗಿದಿದೆ ಎಂದೇ ಅರ್ಥವಲ್ಲ. ಕೆಲಸ ಮುಗಿದಿದ್ದರೂ, ವಿಫಲವಾಗಿದ್ದರೂ, ಸರ್ವರ್ ಮರುಆರಂಭವಾಗಿ ಕೆಲಸ ಕಳೆದುಹೋಗಿದ್ದರೂ ಇದೇ ಉತ್ತರ ಬರುತ್ತದೆ. ಪ್ರಶ್ನೆಯನ್ನು ಕೆಲಸ ಒಪ್ಪಿಸಿದ ಸರ್ವರ್‌ಗೇ ಕೇಳಬೇಕು. ಬೇರೆ ಸರ್ವರ್‌ಗೆ ಆ ಹ್ಯಾಂಡಲ್ ಅಪರಿಚಿತ.

### ಹಲವು ಕೆಲಸಗಳನ್ನು ಒಟ್ಟಿಗೆ ಒಪ್ಪಿಸುವುದು

ಪರಸ್ಪರ ಅವಲಂಬಿಸದ ಕೆಲಸಗಳನ್ನು ಒಂದು ಗುಂಪಾಗಿ ಸೇರಿಸಿ ಏಕಕಾಲದಲ್ಲಿ ನಡೆಸಬಹುದು. ಪ್ರತಿ ಕೆಲಸ ಮುಗಿದಾಗ ಅಥವಾ ವಿಫಲವಾದಾಗ ಕರೆಯಬೇಕಾದ ಫಂಕ್ಷನ್‌ಗಳನ್ನು ಮೊದಲೇ ಗೊತ್ತುಪಡಿಸಿರಬೇಕು. ತಲಾ 2 ಸೆಕೆಂಡು ಹಿಡಿಯುವ ನಾಲ್ಕು ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡಿದರೆ 8 ಸೆಕೆಂಡು ಬೇಕು. ನಾಲ್ಕು ವರ್ಕರ್‌ಗಳು ಬಿಡುವಾಗಿದ್ದರೆ ಒಟ್ಟಿಗೆ ಒಪ್ಪಿಸಿದಾಗ 2 ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಫಲಿತಾಂಶಗಳು ಒಪ್ಪಿಸಿದ ಅನುಕ್ರಮದಲ್ಲಿಯೇ ಬರುತ್ತವೆ ಎಂಬ ಖಾತ್ರಿ ಇಲ್ಲ.

### ಪ್ರೋಟೋಕಾಲ್

ಲೈಬ್ರರಿ ಮತ್ತು ಜಾಬ್ ಸರ್ವರ್ ಟಿಸಿಪಿ ಸಂಪರ್ಕದ ಮೇಲೆ ದ್ವಿಮಾನ ಪ್ಯಾಕೆಟ್‌ಗಳ ಮೂಲಕ ಸಂಭಾಷಿಸುತ್ತವೆ. ಪ್ರತಿ ಪ್ಯಾಕೆಟ್‌ನ ಆರಂಭದಲ್ಲಿ 12 ಬೈಟ್‌ಗಳ ಶಿರೋಭಾಗವಿರುತ್ತದೆ: ಕೋರಿಕೆಯೋ ಉತ್ತರವೋ ಎಂದು ತಿಳಿಸುವ 4 ಬೈಟ್, ಪ್ಯಾಕೆಟ್‌ನ ಬಗೆಯನ್ನು ತಿಳಿಸುವ 4 ಬೈಟ್ ಮತ್ತು ಮುಂದಿನ ದತ್ತಾಂಶದ ಉದ್ದವನ್ನು ತಿಳಿಸುವ 4 ಬೈಟ್. ಮುನ್ನೆಲೆ ಕೆಲಸ ಒಪ್ಪಿಸುವ ಪ್ಯಾಕೆಟ್‌ನ ಸಂಖ್ಯೆ 7, ಹಿನ್ನೆಲೆ ಕೆಲಸದ್ದು 18. ಕೆಲಸ ಸ್ವೀಕೃತವಾಯಿತೆಂದು ಹ್ಯಾಂಡಲ್ ಸಹಿತ ಸರ್ವರ್ ಕೊಡುವ ಉತ್ತರದ ಸಂಖ್ಯೆ 8. ಈ ಉತ್ತರ ಬಂದ ನಂತರವೇ ಕೆಲಸ ಸರ್ವರ್‌ನ ವಶದಲ್ಲಿದೆ ಎಂದು ಕ್ಲೈಂಟ್ ನಂಬಬಹುದು.

## ಉದಾಹರಣೆ: ಮಾರುಕಟ್ಟೆ ದರದ ಸಂದೇಶಗಳು

ಕ್ಲೈಂಟ್ ಲೈಬ್ರರಿಯ ಬಳಕೆಯನ್ನು ಕೋಲಾರ ಜಿಲ್ಲೆಗೆ ಸಂಬಂಧಿಸಿದ ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಇದು ಯಾವುದೇ ಇಲಾಖೆ ಅಥವಾ ಸಂಸ್ಥೆಯ ವ್ಯವಸ್ಥೆಯ ವರ್ಣನೆಯಲ್ಲ.

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆ ಟೊಮೆಟೊ ವ್ಯಾಪಾರಕ್ಕೂ, ಶ್ರೀನಿವಾಸಪುರ ಮಾವಿಗೂ ಹೆಸರಾಗಿವೆ. ಕೋಲಾರದಲ್ಲಿ ಟೊಮೆಟೊ ಹರಾಜು 15 ಕಿಲೋಗ್ರಾಂ ತೂಕದ ಬಾಕ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ದರದ ಏರಿಳಿತ ತೀವ್ರವಾಗಿದ್ದು, 2023ರ ಜುಲೈ ತಿಂಗಳಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿತ್ತು. ಬೇಗ ಕೆಡುವ ಬೆಳೆಯಾದ ಕಾರಣ, ಹಣ್ಣು ಬಿಡಿಸಬೇಕೆ, ಯಾವ ಮಾರುಕಟ್ಟೆಗೆ ಒಯ್ಯಬೇಕು ಎಂಬ ತೀರ್ಮಾನವನ್ನು ಬೆಳೆಗಾರರು ಬೇಗನೆ ಮಾಡಬೇಕಾಗುತ್ತದೆ. ತಡವಾಗಿ ಬಂದ ದರದಿಂದ ಅವರಿಗೆ ಪ್ರಯೋಜನವಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ತಲಾ 5,000 ಬೆಳೆಗಾರರು ದಿನದ ದರವನ್ನು ಮೊಬೈಲ್ ಸಂದೇಶವಾಗಿ ಪಡೆಯಲು ನೋಂದಾಯಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಮಾರುಕಟ್ಟೆಯ ಸಿಬ್ಬಂದಿ ದರವನ್ನು ಜಾಲಪುಟದಲ್ಲಿ ನಮೂದಿಸಿ ಗುಂಡಿ ಒತ್ತುತ್ತಾರೆ. ಒಟ್ಟು ಸಂದೇಶಗಳು 20,000. ಒಂದು ಸಂದೇಶ ಕಳುಹಿಸಲು 0.3 ಸೆಕೆಂಡು ಬೇಕಾದರೆ, ಜಾಲಪುಟದ ಪ್ರೋಗ್ರಾಂ ತಾನೇ ಎಲ್ಲವನ್ನೂ ಕಳುಹಿಸಲು 6,000 ಸೆಕೆಂಡು, ಅಂದರೆ 100 ನಿಮಿಷ ಬೇಕು. ಅಷ್ಟರಲ್ಲಿ ಬ್ರೌಸರ್‌ನ ಸಂಪರ್ಕ ಕಡಿದುಹೋಗುವುದು ಬಹುತೇಕ ಖಚಿತ.

ಗೇರ್‌ಮ್ಯಾನ್ ಬಳಸಿದಾಗ ಜಾಲಪುಟವು ಪ್ರತಿ ತಾಲ್ಲೂಕಿಗೆ ಒಂದರಂತೆ ನಾಲ್ಕು ಹಿನ್ನೆಲೆ ಕೆಲಸಗಳನ್ನು ಒಪ್ಪಿಸಿ ಕೂಡಲೇ ಸಿಬ್ಬಂದಿಗೆ ಉತ್ತರ ಕೊಡುತ್ತದೆ. ಈ ಕೆಲಸವನ್ನು ಪಡೆದ ವರ್ಕರ್, ಆ ತಾಲ್ಲೂಕಿನ ನೋಂದಣಿ ಪಟ್ಟಿಯನ್ನು ಓದಿ, ಪ್ರತಿ ಬೆಳೆಗಾರನಿಗೆ ಒಂದರಂತೆ ಚಿಕ್ಕ ಕೆಲಸಗಳನ್ನು ತಾನೇ ಕ್ಲೈಂಟ್ ಆಗಿ ಮತ್ತೆ ಒಪ್ಪಿಸುತ್ತದೆ. ವರ್ಕರ್ ಒಂದು ಹೀಗೆ ಕ್ಲೈಂಟ್ ಸಹ ಆಗಲು ಗೇರ್‌ಮ್ಯಾನ್‌ನಲ್ಲಿ ಯಾವ ಅಡ್ಡಿಯೂ ಇಲ್ಲ. ಸಂದೇಶ ಕಳುಹಿಸುವ 20 ವರ್ಕರ್‌ಗಳಿದ್ದರೆ 100 ನಿಮಿಷದ ಕೆಲಸ ಸುಮಾರು 5 ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಸಂದೇಶ ಸೇವೆಯ ಕಂಪನಿಯು ಸೆಕೆಂಡಿಗೆ ಇಷ್ಟೇ ಸಂದೇಶ ಎಂಬ ಮಿತಿ ಹಾಕಿದ್ದರೆ, ಆ ಮಿತಿಯನ್ನು ಮೀರಿ ವರ್ಕರ್‌ಗಳನ್ನು ಹೆಚ್ಚಿಸುವುದು ವ್ಯರ್ಥ.

ಚಿಕ್ಕ ಕೆಲಸಗಳಾಗಿ ಒಡೆಯುವುದರಿಂದ ಮತ್ತೊಂದು ಲಾಭವಿದೆ. 5,000 ಸಂದೇಶಗಳ ಒಂದೇ ಕೆಲಸ 3,200ನೆಯ ಸಂದೇಶದಲ್ಲಿ ಕೆಟ್ಟು ಮತ್ತೆ ಮೊದಲಿನಿಂದ ಆರಂಭವಾದರೆ, ಅಷ್ಟೂ ಜನರಿಗೆ ಎರಡನೆಯ ಸಲ ಸಂದೇಶ ಹೋಗುತ್ತದೆ. ಒಬ್ಬರಿಗೆ ಒಂದು ಕೆಲಸವಾಗಿದ್ದರೆ ಪುನರಾವರ್ತನೆಯಾಗುವುದು ಆ ಒಂದು ಸಂದೇಶ ಮಾತ್ರ. ಆದರೆ ಪಟ್ಟಿಯನ್ನು ಒಡೆಯುವ ದೊಡ್ಡ ಕೆಲಸವೇ ನಡುವೆ ಕೆಟ್ಟರೆ ಚಿಕ್ಕ ಕೆಲಸಗಳೂ ಎರಡು ಸಲ ಹುಟ್ಟಬಹುದು. ಇಲ್ಲಿ ಅನನ್ಯ ಕೀಲಿ ನೆರವಿಗೆ ಬರುತ್ತದೆ.

## ಅನನ್ಯ ಕೀಲಿ

ಕೆಲಸದೊಂದಿಗೆ ಅನನ್ಯ ಕೀಲಿಯೊಂದನ್ನು ಕಳುಹಿಸಿದರೆ, ಅದೇ ಫಂಕ್ಷನ್‌ಗೆ ಅದೇ ಕೀಲಿಯ ಕೆಲಸ ಆ ಸರ್ವರ್‌ನಲ್ಲಿ ಈಗಾಗಲೇ ಕಾಯುತ್ತಿದ್ದರೆ ಅಥವಾ ನಡೆಯುತ್ತಿದ್ದರೆ ಜಾಬ್ ಸರ್ವರ್ ಹೊಸ ಕೆಲಸವನ್ನು ಸೃಷ್ಟಿಸುವುದಿಲ್ಲ. ಹೊಸ ಕ್ಲೈಂಟ್ ಅನ್ನು ಹಳೆಯ ಕೆಲಸಕ್ಕೇ ಜೋಡಿಸುತ್ತದೆ. ಸಿಬ್ಬಂದಿ ಗುಂಡಿಯನ್ನು ಎರಡು ಸಲ ಒತ್ತಿದರೂ ಕೆಲಸ ಒಂದೇ ಆಗಿರುತ್ತದೆ. ಮುನ್ನೆಲೆ ಕೆಲಸಗಳಲ್ಲಿ ಒಂದೇ ಲೆಕ್ಕವನ್ನು ನೂರು ಕ್ಲೈಂಟ್‌ಗಳು ಏಕಕಾಲದಲ್ಲಿ ಕೇಳಿದಾಗಲೂ ಲೆಕ್ಕ ಒಮ್ಮೆ ಮಾತ್ರ ನಡೆದು ಉತ್ತರ ಎಲ್ಲರಿಗೂ ಹೋಗುತ್ತದೆ.

ಇದಕ್ಕೆ ಎರಡು ಮಿತಿಗಳಿವೆ. ಕೆಲಸ ಮುಗಿದ ಕೂಡಲೇ ಸರ್ವರ್ ಆ ಕೀಲಿಯನ್ನು ಮರೆಯುತ್ತದೆ. ಮತ್ತೆ ಅದೇ ಕೀಲಿ ಬಂದರೆ ಅದು ಹೊಸ ಕೆಲಸವೇ. ಜೊತೆಗೆ, ಜಾಬ್ ಸರ್ವರ್‌ಗಳು ಪರಸ್ಪರ ಮಾತನಾಡದ ಕಾರಣ, ಒಂದೇ ಕೀಲಿಯ ಕೆಲಸ ಎರಡು ಸರ್ವರ್‌ಗಳಿಗೆ ಹೋದರೆ ಎರಡೂ ಕಡೆ ನಡೆಯುತ್ತದೆ. ಕೀಲಿಯ ಆಧಾರದ ಮೇಲೆಯೇ ಸರ್ವರ್ ಆಯ್ಕೆ ಮಾಡುವ ಲೈಬ್ರರಿಗಳಲ್ಲಿ ಈ ಸಮಸ್ಯೆ ಕಡಿಮೆ.

### ಕನ್ನಡ ಪಠ್ಯದ ಕೀಲಿಗಳು

ಜಾಬ್ ಸರ್ವರ್ ಕೀಲಿಗಳನ್ನು ಬೈಟ್‌ಗಳಾಗಿ ಹೋಲಿಸುತ್ತದೆಯೇ ಹೊರತು ಅಕ್ಷರಗಳಾಗಿ ಅಲ್ಲ. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೆ 3 ಬೈಟ್‌ಗಳು ಬೇಕು. ಕೆಲವು ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಒಂದೇ ಬಿಂದುವಾಗಿಯೂ, ಬಿಡಿಸಿದ ಹಲವು ಬಿಂದುಗಳಾಗಿಯೂ ಬರೆಯಲು ಸಾಧ್ಯ. ಕೋಲಾರ ಎಂಬ ಪದದ ಓತ್ವದೀರ್ಘ ಒಂದು ಬಿಂದುವಾಗಿದ್ದರೆ ಇಡೀ ಪದಕ್ಕೆ 5 ಬಿಂದು, 15 ಬೈಟ್. ಅದೇ ಚಿಹ್ನೆ ಮೂರು ಬಿಂದುಗಳಾಗಿ ಬಿಡಿಸಿದ್ದರೆ ಪದಕ್ಕೆ 7 ಬಿಂದು, 21 ಬೈಟ್. ಶ್ರೀನಿವಾಸಪುರ ಎಂಬಲ್ಲಿನ ಈತ್ವವೂ ಹೀಗೆಯೇ ಎರಡು ಬಿಂದುಗಳಾಗಿ ಒಡೆಯುತ್ತದೆ; ಪದವು 36 ಅಥವಾ 39 ಬೈಟ್ ಆಗುತ್ತದೆ. ಪರದೆಯ ಮೇಲೆ ಎರಡು ರೂಪಗಳೂ ಒಂದೇ ಬಗೆಯಾಗಿ ಕಾಣುತ್ತವೆ, ಆದರೆ ಜಾಬ್ ಸರ್ವರ್‌ಗೆ ಅವು ಬೇರೆ ಬೇರೆ ಕೀಲಿಗಳು. ಮಾಲೂರು ಮತ್ತು ಮುಳಬಾಗಿಲು ಎಂಬ ಹೆಸರುಗಳಲ್ಲಿ ಹೀಗೆ ಒಡೆಯುವ ಚಿಹ್ನೆಗಳಿಲ್ಲ. ಆದುದರಿಂದ ನಾಲ್ಕು ಊರುಗಳ ಪೈಕಿ ಎರಡರಲ್ಲಿ ಮಾತ್ರ ಸಂದೇಶ ಎರಡು ಸಲ ಹೋಗುವಂತಹ, ಕಾರಣ ಹುಡುಕಲು ಕಷ್ಟವಾದ ದೋಷ ಕಾಣಿಸಿಕೊಳ್ಳಬಹುದು.

ಪಠ್ಯವನ್ನು ಕೀಲಿಯಾಗಿ ಬಳಸುವ ಮೊದಲು ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವುದು ಇದಕ್ಕೆ ಒಂದು ಪರಿಹಾರ. ಕನ್ನಡ ಟೈಪಿಂಗ್‌ನಲ್ಲಿ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಗಳು ಈ ಕ್ರಮದಿಂದಲೂ ಹೋಗುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ಊರಿನ ಹೆಸರಿನ ಬದಲು ಮಾರುಕಟ್ಟೆಗೆ ಕೊಟ್ಟ ಸಂಖ್ಯೆ, ದಿನಾಂಕ ಮತ್ತು ಬೆಳೆಯ ಸಂಖ್ಯೆಯನ್ನು ಜೋಡಿಸಿ ಕೀಲಿ ರಚಿಸುವುದು ಇನ್ನೂ ಸುರಕ್ಷಿತ.

ಸಂದೇಶದ ಗಾತ್ರದ ಲೆಕ್ಕದಲ್ಲೂ ಬಿಂದುಗಳು ಮುಖ್ಯ. ಇಂಗ್ಲಿಷ್ ಅಕ್ಷರಗಳ ಒಂದು ಮೊಬೈಲ್ ಸಂದೇಶದಲ್ಲಿ 160 ಚಿಹ್ನೆಗಳಿಗೆ ಜಾಗವಿದ್ದರೆ, ಕನ್ನಡದ ಸಂದೇಶದಲ್ಲಿ 70ಕ್ಕೆ ಮಾತ್ರ ಜಾಗವಿದೆ. ಓದುವವರಿಗೆ ಆರು ಅಕ್ಷರಗಳಾಗಿ ಕಾಣುವ ಶ್ರೀನಿವಾಸಪುರ ಇದರಲ್ಲಿ ಕನಿಷ್ಠ 12 ಚಿಹ್ನೆಗಳ ಜಾಗ ಪಡೆಯುತ್ತದೆ.

## ವೈಫಲ್ಯಗಳು ಮತ್ತು ಪುನರಾವರ್ತನೆ

ಕೆಲಸದ ಹಾದಿಯಲ್ಲಿ ವೈಫಲ್ಯ ಸಂಭವಿಸುವ ಮುಖ್ಯ ಸ್ಥಳಗಳು ನಾಲ್ಕು.

- ಸ್ವೀಕೃತಿ ಬರುವ ಮೊದಲು ಸಂಪರ್ಕ ಕಡಿಯುವುದು: ಕೆಲಸ ಸರ್ವರ್ ತಲುಪಿತೇ ಇಲ್ಲವೇ ಎಂದು ಕ್ಲೈಂಟ್‌ಗೆ ತಿಳಿಯುವುದಿಲ್ಲ. ಮತ್ತೆ ಒಪ್ಪಿಸಿದರೆ ಕೆಲಸ ಎರಡಾಗಬಹುದು, ಒಪ್ಪಿಸದಿದ್ದರೆ ಇಲ್ಲವಾಗಬಹುದು.
- ಜಾಬ್ ಸರ್ವರ್ ನಿಂತುಹೋಗುವುದು: ಸಾಮಾನ್ಯ ವ್ಯವಸ್ಥೆಯಲ್ಲಿ ಸರತಿ ಇರುವುದು ಸ್ಮೃತಿಯಲ್ಲಿ ಮಾತ್ರ. ವಿದ್ಯುತ್ ಹೋದರೆ ಕಾಯುತ್ತಿದ್ದ ಹಿನ್ನೆಲೆ ಕೆಲಸಗಳೆಲ್ಲ ಅಳಿಯುತ್ತವೆ. ಇದನ್ನು ತಪ್ಪಿಸಲು ಸರತಿಯನ್ನು ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಎಸ್‌ಕ್ಯುಎಲ್, ಎಸ್‌ಕ್ಯುಲೈಟ್ ಮುಂತಾದವುಗಳಲ್ಲಿ ಉಳಿಸುವ ಆಯ್ಕೆ ಇದೆ. ಇದು ಹಿನ್ನೆಲೆ ಕೆಲಸಗಳಿಗೆ ಮಾತ್ರ ಅನ್ವಯಿಸುತ್ತದೆ ಮತ್ತು ವೇಗವನ್ನು ತಗ್ಗಿಸುತ್ತದೆ.
- ಕೆಲಸದ ನಡುವೆ ವರ್ಕರ್ ಕೆಡುವುದು: ವರ್ಕರ್‌ನ ಸಂಪರ್ಕ ಕಡಿದುದನ್ನು ಕಂಡ ಸರ್ವರ್ ಆ ಕೆಲಸವನ್ನು ಮತ್ತೆ ಸರತಿಗೆ ಸೇರಿಸಿ ಇನ್ನೊಂದು ವರ್ಕರ್‌ಗೆ ಕೊಡುತ್ತದೆ. ಕೆಲಸದ ದತ್ತಾಂಶವೇ ದೋಷಪೂರಿತವಾಗಿದ್ದರೆ ಅದು ಒಂದೊಂದೇ ವರ್ಕರ್ ಅನ್ನು ಕೆಡಿಸುತ್ತ ಸಾಗಬಹುದು. ಇದಕ್ಕಾಗಿ ಗೇರ್‌ಮ್ಯಾನ್‌ಡಿಯಲ್ಲಿ ಮರುಯತ್ನಗಳ ಸಂಖ್ಯೆಗೆ ಮಿತಿ ಹಾಕುವ ಆಯ್ಕೆ ಇದೆ.
- ಕೆಲಸ ಮುಗಿಸಿ, ಮುಗಿಯಿತೆಂದು ತಿಳಿಸುವ ಮೊದಲು ವರ್ಕರ್ ಕೆಡುವುದು: ಸರ್ವರ್‌ನ ದೃಷ್ಟಿಯಲ್ಲಿ ಇದು ಹಿಂದಿನ ಸ್ಥಿತಿಯಂತೆಯೇ ಇರುವುದರಿಂದ ಕೆಲಸ ಎರಡನೆಯ ಸಲ ನಡೆಯುತ್ತದೆ.

ನಾಲ್ಕನೆಯ ಸ್ಥಿತಿಯನ್ನು ಲೈಬ್ರರಿಯಿಂದ ತಡೆಯಲಾಗದು. ಎರಡು ಸಲ ನಡೆದರೂ ಪರಿಣಾಮ ಒಂದೇ ಆಗಿರುವಂತೆ ಕೆಲಸವನ್ನು ರೂಪಿಸುವುದೇ ಉಪಾಯ. ಖಾತೆಗೆ 500 ರೂಪಾಯಿ ಸೇರಿಸು ಎಂಬ ಕೆಲಸ ಎರಡು ಸಲ ನಡೆದರೆ 1,000 ರೂಪಾಯಿ ಸೇರುತ್ತದೆ. ರಶೀದಿ ಸಂಖ್ಯೆ 1742ರ 500 ರೂಪಾಯಿಯನ್ನು ದಾಖಲಿಸು, ಆ ರಶೀದಿ ಈಗಾಗಲೇ ದಾಖಲಾಗಿದ್ದರೆ ಬಿಡು ಎಂಬ ಕೆಲಸ ಎಷ್ಟು ಸಲ ನಡೆದರೂ ಸೇರುವುದು 500 ರೂಪಾಯಿಯೇ. ಡೇಟಾಬೇಸ್‌ನಲ್ಲಿ ರಶೀದಿ ಸಂಖ್ಯೆಗೆ ಪುನರಾವರ್ತನೆಯಾಗದ ನಿಬಂಧನೆ ಹಾಕಿದರೆ ಎರಡು ವರ್ಕರ್‌ಗಳು ಏಕಕಾಲದಲ್ಲಿ ಪ್ರಯತ್ನಿಸಿದಾಗಲೂ ಈ ಗುಣ ಉಳಿಯುತ್ತದೆ.

ಹೊರಗಿನ ಸೇವೆಯ ಮೂಲಕ ಮೊಬೈಲ್ ಸಂದೇಶ ಕಳುಹಿಸುವಾಗ ಇಂತಹ ಪೂರ್ಣ ರಕ್ಷಣೆ ಸುಲಭವಲ್ಲ. ಕಳುಹಿಸುವ ಮೊದಲೇ ಕಳುಹಿಸಿದೆ ಎಂದು ದಾಖಲಿಸಿದರೆ ಕೆಲವರಿಗೆ ಸಂದೇಶ ತಲುಪದೆ ಹೋಗಬಹುದು. ಕಳುಹಿಸಿದ ನಂತರ ದಾಖಲಿಸಿದರೆ ಕೆಲವರಿಗೆ ಎರಡು ಸಲ ತಲುಪಬಹುದು. ಯಾವ ತಪ್ಪಿನಿಂದ ಹಾನಿ ಕಡಿಮೆ ಎಂಬುದನ್ನು ಕೆಲಸದ ಸ್ವರೂಪ ನೋಡಿ ನಿರ್ಧರಿಸಬೇಕು. ದರದ ಸಂದೇಶ ಎರಡು ಸಲ ಬಂದರೆ ಬೆಳೆಗಾರನಿಗೆ ನಷ್ಟವಿಲ್ಲ, ಬಾರದಿದ್ದರೆ ಇದೆ. ಹಣ ಪಾವತಿಯ ಆದೇಶದಲ್ಲಿ ಇದಕ್ಕೆ ವಿರುದ್ಧವಾಗಿ, ಅನುಮಾನವಿರುವ ಪಾವತಿಯನ್ನು ತಡೆಹಿಡಿದು ಪರಿಶೀಲಿಸುವುದೇ ಸರಿ.

ದರದಂತಹ ದತ್ತಾಂಶಕ್ಕೆ ಅವಧಿಯೂ ಇರುತ್ತದೆ. ಜಾಬ್ ಸರ್ವರ್ ರಾತ್ರಿಯಿಡೀ ನಿಂತು ಮರುದಿನ ಆರಂಭವಾದಾಗ, ಡೇಟಾಬೇಸ್‌ನಲ್ಲಿ ಉಳಿದಿದ್ದ ಹಳೆಯ ಕೆಲಸಗಳು ಹೊರಟು ನಿನ್ನೆಯ ದರವನ್ನು ಇಂದಿನದೆಂಬಂತೆ ತಲುಪಿಸಬಹುದು. ಕೆಲಸದ ದತ್ತಾಂಶದಲ್ಲಿಯೇ ದಿನಾಂಕ ಮತ್ತು ವೇಳೆಯನ್ನು ಸೇರಿಸಿ, ಅವಧಿ ಮೀರಿದ್ದನ್ನು ವರ್ಕರ್ ಕೈಬಿಡುವಂತೆ ಬರೆಯಬೇಕು.

## ಮೇಲ್ವಿಚಾರಣೆ ಮತ್ತು ಸುರಕ್ಷತೆ

ಜಾಬ್ ಸರ್ವರ್‌ಗೆ ಅದೇ ಪೋರ್ಟ್‌ನಲ್ಲಿ ಸರಳ ಪಠ್ಯದ ಆಜ್ಞೆಗಳನ್ನೂ ಕಳುಹಿಸಬಹುದು. ಸ್ಟೇಟಸ್ ಎಂಬ ಆಜ್ಞೆಗೆ ಉತ್ತರವಾಗಿ ಪ್ರತಿ ಫಂಕ್ಷನ್‌ನ ಹೆಸರು, ಅದರ ಒಟ್ಟು ಕೆಲಸಗಳು, ನಡೆಯುತ್ತಿರುವ ಕೆಲಸಗಳು ಮತ್ತು ಲಭ್ಯವಿರುವ ವರ್ಕರ್‌ಗಳ ಸಂಖ್ಯೆ ಬರುತ್ತವೆ. ಒಟ್ಟು ಕೆಲಸಗಳು ಏರುತ್ತಲೇ ಇದ್ದು ವರ್ಕರ್‌ಗಳ ಸಂಖ್ಯೆ ಸೊನ್ನೆಯಾಗಿದ್ದರೆ ವರ್ಕರ್‌ಗಳು ನಿಂತಿವೆ, ಇಲ್ಲವೇ ಕ್ಲೈಂಟ್‌ನಲ್ಲಿ ಫಂಕ್ಷನ್‌ನ ಹೆಸರು ತಪ್ಪಾಗಿದೆ ಎಂದು ಊಹಿಸಬಹುದು. ಹೆಸರು ತಪ್ಪಾದರೂ ಸರ್ವರ್ ಆಕ್ಷೇಪಿಸದೆ ಆ ಹೆಸರಿನಲ್ಲಿ ಹೊಸ ಸರತಿಯನ್ನೇ ತೆರೆಯುತ್ತದೆ.

ಗೇರ್‌ಮ್ಯಾನ್‌ನ ಮೂಲ ಪ್ರೋಟೋಕಾಲ್‌ನಲ್ಲಿ ಬಳಕೆದಾರರ ಹೆಸರು ಅಥವಾ ಗುಪ್ತಪದದ ವ್ಯವಸ್ಥೆ ಇಲ್ಲ. 4730ನೆಯ ಪೋರ್ಟ್ ತಲುಪಬಲ್ಲ ಯಾರಾದರೂ ಕೆಲಸ ಒಪ್ಪಿಸಬಹುದು. ವರ್ಕರ್ ಎಂದು ನೋಂದಾಯಿಸಿ ಬೇರೆಯವರ ದತ್ತಾಂಶವನ್ನು ಪಡೆಯಲೂಬಹುದು. ಆದ್ದರಿಂದ ಜಾಬ್ ಸರ್ವರ್ ಅನ್ನು ಖಾಸಗಿ ಜಾಲದೊಳಗೆ ಇರಿಸಿ, ಹೊರಗಿನ ಸಂಪರ್ಕವನ್ನು ಫೈರ್‌ವಾಲ್‌ನಿಂದ ತಡೆಯಬೇಕು. ಗೇರ್‌ಮ್ಯಾನ್‌ಡಿಯ ನಂತರದ ಆವೃತ್ತಿಗಳಲ್ಲಿ ಟಿಎಲ್‌ಎಸ್ ಗೂಢಲಿಪೀಕರಣದ ಬೆಂಬಲವಿದೆ. ದೂರವಾಣಿ ಸಂಖ್ಯೆಯಂತಹ ವೈಯಕ್ತಿಕ ವಿವರಗಳನ್ನು ಕೆಲಸದ ದತ್ತಾಂಶದಲ್ಲಿ ತುಂಬುವ ಬದಲು ನೋಂದಣಿ ಸಂಖ್ಯೆಯನ್ನು ಮಾತ್ರ ಕಳುಹಿಸಿ, ವಿವರವನ್ನು ವರ್ಕರ್ ಡೇಟಾಬೇಸ್‌ನಿಂದ ಓದುವುದು ಒಳ್ಳೆಯ ಕ್ರಮ.

## ಬಳಕೆ

ಲೈವ್‌ಜರ್ನಲ್ ನಂತರ ಡಿಗ್, ಯಾಹೂ, ಯೆಲ್ಪ್ ಮುಂತಾದ ಜಾಲತಾಣಗಳು ಗೇರ್‌ಮ್ಯಾನ್ ಅನ್ನು ಬಳಸಿದವು. ನಾಗಿಯೋಸ್ ಎಂಬ ಜಾಲ ಮೇಲ್ವಿಚಾರಣಾ ತಂತ್ರಾಂಶದ ಪರೀಕ್ಷೆಗಳನ್ನು ಹಲವು ಯಂತ್ರಗಳಿಗೆ ಹಂಚುವ ಮಾಡ್-ಗೇರ್‌ಮ್ಯಾನ್ ಇದನ್ನೇ ಆಧರಿಸಿದೆ. ಓಪನ್‌ಸ್ಟ್ಯಾಕ್ ಯೋಜನೆಯಲ್ಲಿ ಹುಟ್ಟಿದ ಝೂಲ್ ಎಂಬ ಪರೀಕ್ಷಾ ವ್ಯವಸ್ಥೆಯೂ ಗೇರ್‌ಮ್ಯಾನ್ ಅನ್ನು ಬಹುಕಾಲ ಬಳಸಿ, ನಂತರ ಝೂಕೀಪರ್‌ಗೆ ಬದಲಾಯಿತು.

## ಇತರ ವ್ಯವಸ್ಥೆಗಳೊಂದಿಗೆ ಹೋಲಿಕೆ

ರ‍್ಯಾಬಿಟ್‌ಎಂಕ್ಯು ಸಂದೇಶಗಳನ್ನು ಸಾಗಿಸುವ ಸಾಮಾನ್ಯ ಸಾಧನ; ಫಂಕ್ಷನ್‌ನ ಹೆಸರು, ಫಲಿತಾಂಶ, ಪ್ರಗತಿ ಎಂಬ ಪರಿಕಲ್ಪನೆಗಳನ್ನು ಅದರ ಮೇಲೆ ಬೇರೆಯಾಗಿ ಕಟ್ಟಬೇಕು. ಪೈಥಾನ್‌ನ ಸೆಲೆರಿ ಇಂತಹ ಒಂದು ಕಟ್ಟಡ. ರೂಬಿಯ ಸೈಡ್‌ಕಿಕ್ ತನ್ನ ಸರತಿಯನ್ನು ರೆಡಿಸ್‌ನಲ್ಲಿಡುತ್ತದೆ. ಗೇರ್‌ಮ್ಯಾನ್‌ನ ವಿಶೇಷವೆಂದರೆ ಫಲಿತಾಂಶಕ್ಕಾಗಿ ಕಾಯುವ ಮುನ್ನೆಲೆ ಕೆಲಸಗಳಿಗೆ ಅದರ ಪ್ರೋಟೋಕಾಲ್‌ನಲ್ಲಿಯೇ ಸ್ಥಾನವಿರುವುದು ಮತ್ತು ಹಲವು ಭಾಷೆಗಳ ನಡುವೆ ಕೆಲಸ ಹಂಚಲು ಬರುವುದು.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿಯೂ ಜಾಬ್ ಕ್ಯೂ ಎಂಬ ಕೆಲಸದ ಸರತಿ ಇದೆ. ನೂರಾರು ಪುಟಗಳಲ್ಲಿ ಬಳಕೆಯಾದ ಟೆಂಪ್ಲೇಟು ಬದಲಾದಾಗ ಆ ಪುಟಗಳೆಲ್ಲ ಸ್ವಲ್ಪ ಹೊತ್ತಿನ ನಂತರ ಹೊಸ ರೂಪ ಪಡೆಯುವುದು ಈ ಸರತಿಯ ಮೂಲಕವೇ. ದಿನಗಟ್ಟಲೆ ನಡೆಯುವ ವೈಜ್ಞಾನಿಕ ಲೆಕ್ಕಗಳನ್ನು ಸೂಪರ್‌ಕಂಪ್ಯೂಟರ್‌ಗಳಿಗೆ ಹಂಚುವ ಗ್ರಿಡ್ ವ್ಯವಸ್ಥೆಗಳು ಬೇರೆ ವರ್ಗದವು. ಬೆಂಗಳೂರಿನ ಸಿ-ಡ್ಯಾಕ್ ಮುನ್ನಡೆಸಿದ ಗರುಡ ಯೋಜನೆ ಅಂತಹದು. ಅವುಗಳಲ್ಲಿ ಬಳಕೆದಾರರ ದೃಢೀಕರಣ ಮತ್ತು ಸಂಪನ್ಮೂಲಗಳ ಹಂಚಿಕೆಗೆ ಹೆಚ್ಚಿನ ಮಹತ್ವವಿದೆ. ಗೇರ್‌ಮ್ಯಾನ್ ಈ ಎರಡನ್ನೂ ಬಿಟ್ಟು, ಚಿಕ್ಕ ಕೆಲಸಗಳನ್ನು ಬೇಗನೆ ಹಂಚುವುದಕ್ಕೆ ತನ್ನನ್ನು ಸೀಮಿತಗೊಳಿಸಿಕೊಂಡಿದೆ.

## ಇವನ್ನೂ ನೋಡಿ

- ಮೆಮ್‌ಕ್ಯಾಶ್‌ಡಿ
- ಗ್ರಿಡ್ ಕಂಪ್ಯೂಟಿಂಗ್
- ಯುನಿಕೋಡ್
- ಕೋಲಾರ ಜಿಲ್ಲೆ